ಹವ್ಯಾಸಿ ರೇಡಿಯೋಗೊಂದು ಫ್ಯೂಸ್: ಹತ್ತನೆಯ ತರಗತಿಯ ವಿದ್ಯುತ್ ಘಟಕಕ್ಕೆ ನಾಲ್ಕು ಅವಧಿಗಳ ಪಾಠ

ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ಫ್ಯೂಸ್ ಎರಡು ಕಡೆ ಬರುತ್ತದೆ. ವಿದ್ಯುಚ್ಛಕ್ತಿಯ ಅಧ್ಯಾಯದಲ್ಲಿ ಜೌಲ್‌ನ ಉಷ್ಣೋತ್ಪಾದನಾ ನಿಯಮದ ಅನ್ವಯವಾಗಿ ಒಮ್ಮೆ, ಕಾಂತೀಯ ಪರಿಣಾಮಗಳ ಅಧ್ಯಾಯದ ಕೊನೆಯಲ್ಲಿ ಗೃಹ ವಿದ್ಯುನ್ಮಂಡಲದ ಜೊತೆಗೆ ಇನ್ನೊಮ್ಮೆ. ಎರಡೂ ಕಡೆ ವಿವರಣೆ ಚಿಕ್ಕದು, ಆದರೆ ಸರಿಯಾದದ್ದು. ತೊಂದರೆ ಇರುವುದು ನಮ್ಮ ಪಾಠಯೋಜನೆಗಳಲ್ಲಿ. ಅಭ್ಯಾಸ ಬೋಧನೆಯಲ್ಲಿ ಈ ಭಾಗ ಬಂದಾಗ ವಿದ್ಯಾರ್ಥಿ-ಶಿಕ್ಷಕರು ಒಂದು ಗಾಜಿನ ಫ್ಯೂಸನ್ನು ಎತ್ತಿ ತೋರಿಸುತ್ತಾರೆ, ವ್ಯಾಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ, ಮಕ್ಕಳು ಅದನ್ನು ಒಕ್ಕೊರಲಿನಿಂದ ಓದುತ್ತಾರೆ. ಮೌಲ್ಯಮಾಪನದ ಪ್ರಶ್ನೆಗೆ ಉತ್ತರವೂ ಬರುತ್ತದೆ. ಅದೇ ಮಗು ಸಂಜೆ ಮನೆಯಲ್ಲಿ ಕಿಟ್‌ಕ್ಯಾಟ್ ಫ್ಯೂಸ್ ಹೋದಾಗ ವೈರಿನ ತುಂಡಿನಿಂದ ನಾಲ್ಕೈದು ತಾಮ್ರದ ಎಳೆಗಳನ್ನು ಬಿಡಿಸಿ ಹೊಸೆದು ಅಪ್ಪನ ಕೈಗೆ ಕೊಡುತ್ತದೆ. ಗಟ್ಟಿಯಾಗಿರಲಿ, ಮತ್ತೆ ಮತ್ತೆ ಹೋಗದಿರಲಿ ಎಂಬುದು ಅದರ ಲೆಕ್ಕ.

ಈ ಎರಡರ ನಡುವಿನ ಅಂತರವನ್ನು ಕಡಿಮೆ ಮಾಡುವ ಪ್ರಯತ್ನವಾಗಿ, ಭೌತವಿಜ್ಞಾನ ಬೋಧನಾ ಪದ್ಧತಿಯ ನಮ್ಮ ತಂಡ ಒಂದು ಹಳೆಯ ಹವ್ಯಾಸಿ ರೇಡಿಯೋವನ್ನು ಬೋಧನೋಪಕರಣವಾಗಿಟ್ಟುಕೊಂಡು ನಾಲ್ಕು ಅವಧಿಗಳ ಪಾಠವೊಂದನ್ನು ರೂಪಿಸಿತು. ಎರಡು ಅವಧಿ ಫ್ಯೂಸ್‌ಗೆ, ಎರಡು ಅವಧಿ ಸವೆದ ನಿಯಂತ್ರಕಗಳಿಗೆ. ಕಿವಿಗೆ ಹಿಡಿಸುವ ವಸ್ತು ಮೇಜಿನ ಮೇಲಿದ್ದರೆ ತರಗತಿಯ ಹಿಂದಿನ ಬೆಂಚೂ ಮುಂದಕ್ಕೆ ಬಾಗುತ್ತದೆ ಎಂಬುದು ರೇಡಿಯೋವನ್ನು ಆರಿಸಲು ಒಂದು ಕಾರಣ. ಅದು 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಸೆಟ್ ಎಂಬುದು ಇನ್ನೊಂದು, ಹೆಚ್ಚು ಮುಖ್ಯವಾದ ಕಾರಣ.

ಸೆಟ್ಟಿನ ಬಗ್ಗೆ ಎರಡು ಮಾತು. ಹವ್ಯಾಸಿ ರೇಡಿಯೋ ಎಂದರೆ ಸರ್ಕಾರದ ಪರವಾನಗಿ ಪಡೆದು, ಲಾಭದ ಉದ್ದೇಶವಿಲ್ಲದೆ, ನಿಗದಿತ ಆವೃತ್ತಿಗಳಲ್ಲಿ ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುವವರ ರೇಡಿಯೋ. ಭಾರತದ ಹವ್ಯಾಸಿಗಳ ಕರೆಸಂಕೇತ ಸಾಮಾನ್ಯವಾಗಿ ‘ವಿಯು’ ಅಕ್ಷರಗಳಿಂದ ಶುರುವಾಗುತ್ತದೆ. ನಮಗೆ ಸಿಕ್ಕಿದ್ದು 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುವ ಬಿಟ್ಎಕ್ಸ್ ಮಾದರಿಯ ಸೆಟ್. ಹೈದರಾಬಾದಿನ ಅಶ್‌ಹರ್ ಫರ್ಹಾನ್ ವಿನ್ಯಾಸಗೊಳಿಸಿದ ಈ ಮಾದರಿಯನ್ನು ಪೇಟೆಯಲ್ಲಿ ಸಿಗುವ ಸಾಮಾನ್ಯ ಬಿಡಿಭಾಗಗಳಿಂದ ಮನೆಯಲ್ಲೇ ಕಟ್ಟಬಹುದು. ಮೊದಲ ವಿನ್ಯಾಸದಲ್ಲಿ ಸುರುಳಿ ಸುತ್ತಲು ನಲ್ಲಿಯ ವಾಷರುಗಳನ್ನೇ ಬಳಸಿದ್ದರು. ಮಕ್ಕಳಿಗೆ ಈ ವಾಷರ್ ಸಂಗತಿ ಬಹಳ ಹಿಡಿಸಿತು. ನಮ್ಮ ಸೆಟ್ಟನ್ನು ಕಟ್ಟಿದ ಹವ್ಯಾಸಿ ಅದನ್ನು ಹಲವು ವರ್ಷ ಬಳಸಿ ಶಾಲೆಗೆ ಕೊಟ್ಟಿದ್ದರು. ಬ್ಯಾಟರಿಗೆ ಹೋಗುವ ಕೆಂಪು-ಕಪ್ಪು ತಂತಿಗಳಲ್ಲಿ ಫ್ಯೂಸ್ ಇರಲಿಲ್ಲ, ಧ್ವನಿ ನಿಯಂತ್ರಕ ತಿರುಗಿಸಿದರೆ ಕರಕರ ಎನ್ನುತ್ತಿತ್ತು, ಶ್ರುತಿ ಹೊಂದಿಸುವ ಗುಬುಟು ಒಂದು ಕಡೆ ಜಿಗಿಯುತ್ತಿತ್ತು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸೆಟ್ ಬೇಕಿರಲಿಲ್ಲ.

ಪರವಾನಗಿ ಇಲ್ಲದೆ ಪ್ರಸಾರ ಮಾಡುವಂತಿಲ್ಲವಾದ್ದರಿಂದ ತರಗತಿಯಲ್ಲಿ ಕೇಳುವುದಷ್ಟೇ ನಡೆಯಿತು. ಮಾತಾಡುವ ಗುಂಡಿಯ ತಂತಿಯನ್ನು ಮೊದಲೇ ಕಳಚಿಟ್ಟಿದ್ದೆವು. ಈ ಪಾಠವನ್ನು ಬೇರೆ ಶಾಲೆಗಳಲ್ಲಿ ಮಾಡುವವರು ಈ ಒಂದು ಕೆಲಸವನ್ನು ಮರೆಯಬಾರದು.

ಪೂರ್ವಕಲ್ಪನೆ: 12 ವೋಲ್ಟ್ ಏನೂ ಮಾಡುವುದಿಲ್ಲ

ಮೊದಲ ಅವಧಿಯನ್ನು ಒಂದೇ ಪ್ರಶ್ನೆಯಿಂದ ಆರಂಭಿಸಿದೆವು: ಈ ಸೆಟ್ಟಿಗೆ ಫ್ಯೂಸ್ ಬೇಕೇ? ಬಹುಪಾಲು ಮಕ್ಕಳು ಬೇಡ ಎಂದರು. ಕಾರಣವೂ ಸಿದ್ಧವಾಗಿತ್ತು: “ಬ್ಯಾಟ್ರಿ ಮುಟ್ಟಿದ್ರೂ ಶಾಕ್ ಹೊಡಿಯಲ್ಲ ಮೇಡಂ.” ಈ ಉತ್ತರವನ್ನು ತಪ್ಪು ಎಂದು ಬದಿಗಿಡಬಾರದು. ಒಣಗಿದ ಕೈಗೆ 12 ವೋಲ್ಟ್ ಅಪಾಯವಲ್ಲ ಎಂಬುದು ನಿಜವೇ. ಆದರೆ ಶಾಕ್ ಒಂದು ಅಪಾಯ, ಬೆಂಕಿ ಇನ್ನೊಂದು. ಶಾಕ್‌ನಲ್ಲಿ ಪ್ರವಾಹ ದೇಹದ ದೊಡ್ಡ ರೋಧದ ಮೂಲಕ ಹರಿಯಬೇಕು, ಅದಕ್ಕೆ ದೊಡ್ಡ ವಿಭವಾಂತರ ಬೇಕು. ಬೆಂಕಿಗೆ ಹಾಗಿಲ್ಲ. ತಂತಿಯ ರೋಧ ಅತಿ ಚಿಕ್ಕದಾದ್ದರಿಂದ 12 ವೋಲ್ಟೇ ಅದರಲ್ಲಿ ನೂರಾರು ಆಂಪಿಯರ್ ಹರಿಸಬಲ್ಲದು, ಉಷ್ಣವು ಆ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿ ಹುಟ್ಟುತ್ತದೆ.

ಇದನ್ನು ಮಾಡಿ ತೋರಿಸುವುದು ಬೇಡ, ಲೆಕ್ಕ ಮಾಡಿಸಬೇಕು. 7 ಆಂಪಿಯರ್-ಗಂಟೆಯ ಸೀಲ್ ಮಾಡಿದ ಸೀಸ-ಆಮ್ಲ ಬ್ಯಾಟರಿಯ ಆಂತರಿಕ ರೋಧ ಸುಮಾರು 0.025 ಓಮ್. ನಮ್ಮ ಸೆಟ್ಟಿನ ತಂತಿಯ ಅಡ್ಡಕೊಯ್ತ 0.75 ಚದರ ಮಿಲಿಮೀಟರ್. ಹೋಗಿ ಬರುವುದು ಸೇರಿ 2 ಮೀಟರ್ ಉದ್ದ. ತಾಮ್ರದ ರೋಧಶೀಲತೆ ಮಕ್ಕಳಿಗೆ ಕೋಷ್ಟಕದಲ್ಲೇ ಸಿಗುತ್ತದೆ. ಅದರಿಂದ ತಂತಿಯ ರೋಧ ಸುಮಾರು 0.046 ಓಮ್ ಎಂದು ಬರುತ್ತದೆ. ಸೆಟ್ಟಿನ ಬಾಗಿಲಲ್ಲಿ ಕೆಂಪು ತಂತಿ ಕಪ್ಪನ್ನು ಮುಟ್ಟಿ ಹ್ರಸ್ವಮಂಡಲವಾಯಿತೆನ್ನಿ. ಒಟ್ಟು ರೋಧ 0.071 ಓಮ್, ಪ್ರವಾಹ 12ನ್ನು 0.071ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 170 ಆಂಪಿಯರ್. ತಂತಿಯಲ್ಲಿ ಉಷ್ಣವಾಗುವ ಸಾಮರ್ಥ್ಯ ಪ್ರವಾಹದ ವರ್ಗವನ್ನು 0.046ರಿಂದ ಗುಣಿಸಿದಾಗ 1300 ವ್ಯಾಟಿಗಿಂತ ಹೆಚ್ಚು. ಪಠ್ಯದ ಉದಾಹರಣೆಯಲ್ಲಿ ಬರುವ ಇಸ್ತ್ರಿಪೆಟ್ಟಿಗೆ 1000 ವ್ಯಾಟಿನದು. ಅದಕ್ಕಿಂತ ಹೆಚ್ಚಿನ ಉಷ್ಣ ಎರಡು ಮೀಟರ್ ವೈರಿನಲ್ಲಿ!

ಇಲ್ಲಿಗೇ ನಿಲ್ಲಿಸಿದರೂ ಸಾಕು. ನಾವು ಇನ್ನೊಂದು ಹೆಜ್ಜೆ ಮುಂದೆ ಹೋದೆವು. ಅಷ್ಟು ತಾಮ್ರದ ದ್ರವ್ಯರಾಶಿ ಸುಮಾರು 13.4 ಗ್ರಾಂ. ಒಂದು ಗ್ರಾಂ ತಾಮ್ರದ ಉಷ್ಣತೆ ಒಂದು ಡಿಗ್ರಿ ಏರಲು 0.385 ಜೌಲ್ ಸಾಕು ಎಂದು ನಾವೇ ಹೇಳಿಕೊಟ್ಟೆವು, ಏಕೆಂದರೆ ಈ ಸಂಖ್ಯೆ ಅವರ ಪಠ್ಯದಲ್ಲಿಲ್ಲ. ಭಾಗಾಕಾರ ಮುಗಿಸಿದ ಗುಂಪೊಂದು ಉತ್ತರವನ್ನು ನಂಬದೆ ಮತ್ತೊಮ್ಮೆ ಮಾಡಿತು: ಒಂದು ಸೆಕೆಂಡಿಗೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಏರಿಕೆ. ಸಾಮಾನ್ಯ ಪಿವಿಸಿ ಹೊದಿಕೆ 70 ಡಿಗ್ರಿಯವರೆಗಿನ ಬಳಕೆಗೆ ಮಾಡಿದ್ದು. “ಬ್ಯಾಟ್ರಿ ಕಳಚೋಕೆ ಟೈಮೇ ಸಿಗಲ್ಲ” ಎಂದು ಒಬ್ಬ ಹುಡುಗಿ ಹೇಳಿದಳು. ಫ್ಯೂಸ್ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಚೆನ್ನಾದ ಉತ್ತರವನ್ನು ನಾವು ಯೋಜನೆಯಲ್ಲಿ ಬರೆದಿರಲಿಲ್ಲ.

ಫ್ಯೂಸ್ ಯಾವಾಗ ಕರಗುತ್ತದೆ

ಮಕ್ಕಳ ಇನ್ನೊಂದು ಗಟ್ಟಿಯಾದ ಕಲ್ಪನೆ ಎಂದರೆ 3 ಆಂಪಿಯರ್ ಫ್ಯೂಸ್ 3 ಆಂಪಿಯರ್ ದಾಟಿದ ತಕ್ಷಣ ಕರಗುತ್ತದೆ ಎಂಬುದು. ಬಹಳಷ್ಟು ವಿದ್ಯಾರ್ಥಿ-ಶಿಕ್ಷಕರಲ್ಲೂ ಇದು ಇದೆ. ಇದನ್ನು ಒಡೆಯಲು ಮಾಡಿದ ಪ್ರದರ್ಶನ ಇಡೀ ಘಟಕದಲ್ಲಿ ಅತ್ಯಂತ ಫಲ ಕೊಟ್ಟದ್ದು. ಬೇಕಾದದ್ದು ವಾಹನದ 12 ವೋಲ್ಟ್, 21 ವ್ಯಾಟಿನ ಐದು ಬಲ್ಬುಗಳು, ಹೋಲ್ಡರಿನಲ್ಲಿಟ್ಟ 3 ಆಂಪಿಯರಿನ ಗಾಜಿನ ಫ್ಯೂಸ್, ಅದೇ ಬ್ಯಾಟರಿ. ಬ್ಯಾಟರಿಯ ಕಂಬದ ಹತ್ತಿರವೇ 15 ಆಂಪಿಯರಿನ ನೀಲಿ ಬ್ಲೇಡ್ ಫ್ಯೂಸನ್ನು ಬೆಂಗಾವಲಿಗೆ ಹಾಕಿರಬೇಕು, ಮೇಜಿನ ಬಳಿ ನಿಲ್ಲುವವರಿಗೆ ಕನ್ನಡಕ ಇರಬೇಕು.

ಒಂದು ಬಲ್ಬ್ 1.75 ಆಂಪಿಯರ್ ಎಳೆಯುತ್ತದೆ. ಎರಡನ್ನು ಸಮಾಂತರದಲ್ಲಿ ಜೋಡಿಸಿದಾಗ 3.5 ಆಂಪಿಯರ್. ಫ್ಯೂಸಿನ ಮೇಲೆ ಬರೆದಿರುವುದಕ್ಕಿಂತ ಹೆಚ್ಚು. ತರಗತಿ ಉಸಿರು ಬಿಗಿಹಿಡಿದು ಕಾಯಿತು. ಏನೂ ಆಗಲಿಲ್ಲ. ಐದು ನಿಮಿಷ ಕಳೆದರೂ ಬಲ್ಬುಗಳು ಉರಿಯುತ್ತಲೇ ಇದ್ದವು. ಆಮೇಲೆ ಒಂದೊಂದಾಗಿ ಸೇರಿಸುತ್ತಾ ಹೋದೆವು. ಐದನೆಯದನ್ನು ಸೇರಿಸಿದಾಗ ಪ್ರವಾಹ ಸುಮಾರು 8.75 ಆಂಪಿಯರ್, ಗಾಜಿನೊಳಗಿನ ಎಳೆ ಒಂದೆರಡು ಕ್ಷಣದಲ್ಲಿ ಹೋಯಿತು. ಫ್ಯೂಸಿನ ಮೇಲಿನ ಸಂಖ್ಯೆ ಅದು ನಿರಂತರವಾಗಿ ಹೊರಬಲ್ಲ ಪ್ರವಾಹ. ಕರಗುವುದು ಅದಕ್ಕಿಂತ ಎಷ್ಟು ಹೆಚ್ಚು, ಎಷ್ಟು ಹೊತ್ತು ಎಂಬ ಎರಡನ್ನೂ ಅವಲಂಬಿಸಿದೆ. ಸ್ವಲ್ಪ ಹೆಚ್ಚಾದರೆ ಗಂಟೆಗಟ್ಟಲೆ ತಡೆಯುತ್ತದೆ, ಮೂರು ಪಟ್ಟಾದರೆ ಕ್ಷಣಗಳಲ್ಲಿ ಹೋಗುತ್ತದೆ. ಜೌಲ್‌ನ ನಿಯಮದಲ್ಲಿ ಕಾಲ ಎಂಬ ಅಂಶವೂ ಇದೆ ಎಂಬುದನ್ನು ಮಕ್ಕಳು ಆ ದಿನ ಮೊದಲ ಬಾರಿಗೆ ಗಮನಿಸಿದಂತಿತ್ತು.

ಬಲ್ಬುಗಳನ್ನು ಒಟ್ಟಿಗೆ ಹಾಕದೆ ಒಂದೊಂದಾಗಿ ಸೇರಿಸುವುದಕ್ಕೂ ಕಾರಣವಿದೆ. ತಣ್ಣಗಿರುವ ತಂತುವಿನ ರೋಧ ಕಾದ ತಂತುವಿನ ಸುಮಾರು ಹತ್ತನೇ ಒಂದು ಭಾಗ. ಆದ್ದರಿಂದ ಹೊತ್ತಿಸಿದ ಮೊದಲ ಕ್ಷಣದಲ್ಲಿ ಪ್ರವಾಹ ಹಲವು ಪಟ್ಟು ನುಗ್ಗುತ್ತದೆ. ಟ್ರಾನ್ಸ್‌ಫಾರ್ಮರ್, ಮೋಟಾರು, ದೊಡ್ಡ ಕೆಪ್ಯಾಸಿಟರ್ ಇರುವ ಸಾಧನಗಳಲ್ಲೂ ಹೀಗೆಯೇ. ಅಂಥ ಕಡೆ ನಿಧಾನಗತಿಯ ಫ್ಯೂಸ್ ಹಾಕುತ್ತಾರೆ. ಆಸಕ್ತಿ ಇರುವ ತರಗತಿಗೆ ಮಾತ್ರ ಇದನ್ನು ಹೇಳಿದರೆ ಸಾಕು.

ಕಿಟ್‌ಕ್ಯಾಟಿನ ತಾಮ್ರದ ಎಳೆಯನ್ನು ಇಲ್ಲೇ ಎತ್ತಿಕೊಳ್ಳಬೇಕು. 0.2 ಮಿಲಿಮೀಟರ್ ವ್ಯಾಸದ ಒಂದು ತಾಮ್ರದ ಎಳೆ ಕರಗಲು ಸುಮಾರು 7 ಆಂಪಿಯರ್ ಬೇಕು. ಐದು ಎಳೆಗಳನ್ನು ಹೊಸೆದರೆ 20 ಆಂಪಿಯರ್ ದಾಟಿದರೂ ಅದು ಕರಗುವುದಿಲ್ಲ. ದೀಪದ ಮಂಡಲದ ಗೋಡೆಯೊಳಗಿನ 1 ಚದರ ಮಿಲಿಮೀಟರ್ ವೈರು ಅಷ್ಟನ್ನು ನಿರಂತರವಾಗಿ ಹೊರುವಂಥದ್ದಲ್ಲ. ಅಂದರೆ ಆ ಮನೆಯಲ್ಲಿ ಈಗ ಫ್ಯೂಸ್ ಎಂದರೆ ಗೋಡೆಯೊಳಗಿನ ವೈರೇ. ನಮ್ಮ ಅಭ್ಯಾಸ ಶಾಲೆ ಪಂಪ್‌ಸೆಟ್ಟುಗಳ ಊರಿನಲ್ಲಿದೆ. ಮೋಟಾರು ಸುಟ್ಟ ಕಥೆ ಇಲ್ಲದ ಮನೆ ಕಡಿಮೆ, ಹಾಗಾಗಿ ಈ ವಾಕ್ಯದ ನಂತರ ಹತ್ತು ನಿಮಿಷ ಪಾಠ ನಮ್ಮ ಕೈಯಲ್ಲಿರಲಿಲ್ಲ. ಆ ಹತ್ತು ನಿಮಿಷವನ್ನು ಯೋಜನೆಯಲ್ಲೇ ಸೇರಿಸಿಕೊಳ್ಳುವುದು ಒಳ್ಳೆಯದು. ಫೀಜು ಕಟ್ಟುವವರು ಯಾರು, ಯಾವ ತಂತಿ ಹಾಕುತ್ತಾರೆ ಎಂದು ಕೇಳಿಕೊಂಡು ಬರುವ ಮನೆಗೆಲಸವನ್ನೂ ಕೊಟ್ಟೆವು. ಕೇಳುವುದಷ್ಟೇ, ಬೋರ್ಡನ್ನು ಮುಟ್ಟುವಂತಿಲ್ಲ ಎಂದು ಎರಡು ಬಾರಿ ಹೇಳಿ, ಡೈರಿಯಲ್ಲೂ ಬರೆಸಿದೆವು.

ಸೆಟ್ಟಿಗೆ ಎಷ್ಟು ಆಂಪಿಯರ್

ಎರಡನೆಯ ಅವಧಿಯಲ್ಲಿ ಮಕ್ಕಳೇ ಫ್ಯೂಸಿನ ಬೆಲೆಯನ್ನು ಆರಿಸಬೇಕಿತ್ತು. ಕೇಳುವ ಸ್ಥಿತಿಯಲ್ಲಿ ಸೆಟ್ ಎಳೆಯುವ ಪ್ರವಾಹವನ್ನು ಅವರೇ ಮಲ್ಟಿಮೀಟರಿನಲ್ಲಿ ಅಳೆದರು. ಅದು ಆಂಪಿಯರಿನ ಒಂದು ಸಣ್ಣ ಭಾಗ. ಪ್ರಸಾರದ ಅಳತೆಯನ್ನು ಪರವಾನಗಿ ಇರುವ ಹವ್ಯಾಸಿಯೊಬ್ಬರು ಆಂಟೆನಾದ ಬದಲು 50 ಓಮ್‌ನ ಕೃತಕ ಭಾರ ಜೋಡಿಸಿ ಮಾಡಿಕೊಟ್ಟಿದ್ದರು: ಗರಿಷ್ಠ 1.5 ಆಂಪಿಯರ್. ನಿರಂತರ ಪ್ರವಾಹ ಫ್ಯೂಸಿನ ಬೆಲೆಯ ಮುಕ್ಕಾಲನ್ನು ಮೀರದಿರಲಿ ಎಂಬುದು ಬಳಕೆಯಲ್ಲಿರುವ ರೂಢಿ. ಹಾಗೆ ನೋಡಿದರೆ 2 ಆಂಪಿಯರ್ ಸರಿಯಾಗುತ್ತದೆ.

ಆದರೆ ಎರಡು ಗುಂಪುಗಳು 5 ಆಂಪಿಯರ್ ಬರೆದವು. “ಸೇಫ್ ಆಗಿರ್ಲಿ ಅಂತ.” ದೊಡ್ಡ ಸಂಖ್ಯೆ ಎಂದರೆ ಹೆಚ್ಚು ರಕ್ಷಣೆ ಎಂಬ ಭಾವನೆ ಎಷ್ಟು ಸಹಜ ನೋಡಿ. ಇಲ್ಲಿ ಶಿಕ್ಷಕರು ಕೇಳಬೇಕಾದ ಮರುಪ್ರಶ್ನೆ ಒಂದೇ: ಫ್ಯೂಸ್ ಯಾರನ್ನು ಕಾಯುತ್ತದೆ? ಬ್ಯಾಟರಿಯಿಂದ ಸೆಟ್ಟಿನವರೆಗಿನ 0.75 ಚದರ ಮಿಲಿಮೀಟರ್ ತಂತಿ 5 ಆಂಪಿಯರನ್ನು ಹೊರಬಲ್ಲದು, ಅದಕ್ಕೇನೂ ಆಗದು. ಆದರೆ 12 ವೋಲ್ಟ್, 5 ಆಂಪಿಯರ್ ಎಂದರೆ 60 ವ್ಯಾಟ್. ಸೆಟ್ಟಿನ ಮುದ್ರಿತ ಫಲಕದ ಮೇಲಿನ ತೆಳ್ಳಗಿನ ತಾಮ್ರದ ಗೆರೆ, ಒಳಗಿನ ಕೂದಲೆಳೆಯಂಥ ವೈರು ಅದಕ್ಕೆ ಸಿದ್ಧವಿಲ್ಲ. ಫ್ಯೂಸಿನ ನಂತರ ಬರುವ ತಂತಿಗಳಲ್ಲಿ ಅತ್ಯಂತ ತೆಳ್ಳಗಿನದು ಯಾವುದು ಎಂದು ನೋಡಿ ಬೆಲೆ ಆರಿಸಬೇಕು. ಇಷ್ಟು ಚರ್ಚೆಯಾದ ಮೇಲೆ ಎರಡೂ ಗುಂಪುಗಳು ತಾವೇ ಉತ್ತರ ತಿದ್ದಿಕೊಂಡವು.

ಪಠ್ಯ ಹೇಳುವಂತೆ ಫ್ಯೂಸ್ ಉಪಕರಣವನ್ನೂ ಕಾಯುತ್ತದೆಯಲ್ಲ ಎಂದು ಕೇಳುವವರಿದ್ದಾರೆ. ಒಂದು ಮಟ್ಟಿಗೆ ಹೌದು. ಆದರೆ ಟ್ರಾನ್ಸಿಸ್ಟರು ಹಾಳಾಗುವ ವೇಗ ಫ್ಯೂಸ್ ಕರಗುವ ವೇಗಕ್ಕಿಂತ ಬಹಳ ಹೆಚ್ಚು. ಫ್ಯೂಸನ್ನು ಉಳಿಸಲು ಟ್ರಾನ್ಸಿಸ್ಟರ್ ಪ್ರಾಣ ಕೊಡುತ್ತದೆ ಎಂದು ಹವ್ಯಾಸಿಗಳು ತಮಾಷೆ ಮಾಡುವುದುಂಟು. ಫ್ಯೂಸಿನ ಮೊದಲ ಕೆಲಸ ತಂತಿ ಸುಡದಂತೆ, ಮನೆ ಹೊತ್ತದಂತೆ ನೋಡಿಕೊಳ್ಳುವುದು. ಪರೀಕ್ಷೆಯಲ್ಲಿ ಮಗು ಪಠ್ಯದ ವಾಕ್ಯವನ್ನು ಬರೆಯಲಿ, ತರಗತಿಯಲ್ಲಿ ಈ ವ್ಯತ್ಯಾಸ ತಿಳಿಯಲಿ.

ಜಾಗದ ವಿಷಯದಲ್ಲೂ ಇದೇ ಪ್ರಶ್ನೆ ದಾರಿ ತೋರಿಸುತ್ತದೆ. ಫ್ಯೂಸನ್ನು ಸೆಟ್ಟಿನ ಹಿಂಭಾಗದಲ್ಲಿ ಹಾಕಿದರೆ ನೋಡಲು ಚೆಂದ, ಆದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ತಂತಿಗೆ ರಕ್ಷಣೆಯೇ ಇಲ್ಲ. ಆ 250 ಡಿಗ್ರಿಯ ಲೆಕ್ಕವೆಲ್ಲ ಅದೇ ತಂತಿಯದು. ಆದ್ದರಿಂದ ಧನ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಹೋಲ್ಡರ್ ಬರಬೇಕು. ಗಾಜಿನ ಫ್ಯೂಸ್ ಪ್ರದರ್ಶನಕ್ಕೆ ಒಳ್ಳೆಯದು, ಕರಗಿದ್ದು ಕಣ್ಣಿಗೆ ಕಾಣುತ್ತದೆ. ಬ್ಯಾಟರಿಯ ಪಕ್ಕದಲ್ಲಿ ಮಾತ್ರ ವಾಹನಗಳ ಬ್ಲೇಡ್ ಮಾದರಿಯೇ ಮೇಲು, ಏಕೆಂದರೆ ಹ್ರಸ್ವಮಂಡಲದ ನೂರಾರು ಆಂಪಿಯರನ್ನು ಕಡಿದು ನಿಲ್ಲಿಸುವ ತಾಕತ್ತು ಅದಕ್ಕೆ ಹೆಚ್ಚು. ಬಣ್ಣದಿಂದಲೇ ಬೆಲೆ ತಿಳಿಯುತ್ತದೆ: 2 ಬೂದು, 3 ನೇರಳೆ, 10 ಕೆಂಪು, 15 ನೀಲಿ. ಬೈಕ್ ಇರುವ ಮನೆಯ ಹುಡುಗರು ಕೆಂಪು, ನೀಲಿಯನ್ನು ಆಗಲೇ ಬಲ್ಲವರಾಗಿದ್ದರು.

ಬ್ಯಾಟರಿಯನ್ನು ತಿರುವುಮುರುವಾಗಿ ಜೋಡಿಸಿದರೆ? ಇದನ್ನು ಮಕ್ಕಳೇ ಕೇಳಿದರು. ಫ್ಯೂಸ್ ಒಂದೇ ಇದ್ದರೆ ಸಾಲದು, ಜೊತೆಗೆ ಒಂದು ಡಯೋಡ್ ಬೇಕು. ಸೆಟ್ಟಿನ ಬಾಗಿಲಲ್ಲಿ ಧನ ಮತ್ತು ಋಣ ತಂತಿಗಳ ನಡುವೆ 1ಎನ್5408 ಡಯೋಡನ್ನು ಅದರ ಬಿಳಿ ಪಟ್ಟಿ ಧನದ ಕಡೆಗೆ ಬರುವಂತೆ ಬೆಸೆದೆವು. ಸರಿಯಾಗಿ ಜೋಡಿಸಿದಾಗ ಅದು ಸುಮ್ಮನಿರುತ್ತದೆ. ತಿರುವಾದಾಗ ತಾನೇ ಹ್ರಸ್ವಮಂಡಲವಾಗಿ ಫ್ಯೂಸನ್ನು ಕರಗಿಸುತ್ತದೆ, ಸೆಟ್ ಉಳಿಯುತ್ತದೆ. ಫ್ಯೂಸ್ ಇಲ್ಲದೆ ಈ ಡಯೋಡನ್ನು ಮಾತ್ರ ಹಾಕುವುದು ಏನೂ ಹಾಕದಿರುವುದಕ್ಕಿಂತ ಅಪಾಯ. ತೋರಿಸಬೇಕಾದರೆ ರೇಡಿಯೋ ಇಲ್ಲದೆ, ಬೇರೆ ಡಯೋಡಿನೊಂದಿಗೆ 21 ವ್ಯಾಟಿನ ಬಲ್ಬೊಂದನ್ನು ಸರಣಿಯಲ್ಲಿಟ್ಟು ತೋರಿಸಿ. ಒಂದು ದಿಕ್ಕಿನಲ್ಲಿ ಬಲ್ಬ್ ಹೊತ್ತುತ್ತದೆ, ಇನ್ನೊಂದರಲ್ಲಿ ಇಲ್ಲ. ಬಲ್ಬ್ ತೆಗೆದು ನೋಡುವ ಉತ್ಸಾಹ ಬೇಡ.

ಹಳೆಯ ಮನೆ-ವಿದ್ಯುತ್ ಸೆಟ್ಟುಗಳ ಬಗ್ಗೆ

ಶಾಲೆಗೆ ಹಳೆಯ ಉಪಕರಣ ಕೊಡುವವರು ಕೆಲವೊಮ್ಮೆ 230 ವೋಲ್ಟಿನಿಂದ ನಡೆಯುವ ದೊಡ್ಡ ಸೆಟ್ಟುಗಳನ್ನೂ ಕೊಡುತ್ತಾರೆ. ಅವನ್ನು ತರಗತಿಯಲ್ಲಿ ತೆರೆಯಕೂಡದು. ವಾಲ್ವ್ ಇರುವ ಪ್ರಸಾರಕಗಳ ಒಳಗೆ 600 ವೋಲ್ಟಿಗೂ ಮೇಲ್ಪಟ್ಟ ವಿಭವಾಂತರ ಇರುವುದು ಸಾಮಾನ್ಯ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರುಗಳಲ್ಲಿ ಆವೇಶ ಉಳಿದಿರಬಹುದು. ಅಮೆರಿಕದಲ್ಲಿ 1946ರಲ್ಲಿ ಬಂದ ಹ್ಯಾಲಿಕ್ರಾಫ್ಟರ್ಸ್ ಎಸ್-38ರಂಥ ಅಗ್ಗದ ಗ್ರಾಹಕಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರಲಿಲ್ಲ. ಗೋಡೆಯ ವಿದ್ಯುತ್ತು ನೇರವಾಗಿ ಮಂಡಲಕ್ಕೆ ಬರುತ್ತಿತ್ತು. ಅಂಥದ್ದನ್ನು ಗಾಜಿನ ಕಪಾಟಿನಲ್ಲಿಟ್ಟು ನೋಡುವುದೇ ಸರಿ.

ಆದರೂ ಕಾಗದದ ಮೇಲೆ ಅವು ಒಳ್ಳೆಯ ಲೆಕ್ಕ ಕೊಡುತ್ತವೆ. ಅಂಥ ಹಲವು ಸೆಟ್ಟುಗಳಲ್ಲಿ ಕಾರ್ಖಾನೆಯಿಂದಲೇ ಫ್ಯೂಸ್ ಇರಲಿಲ್ಲ. ಮನೆಯ ಬೋರ್ಡಿನಲ್ಲಿ 6 ಆಂಪಿಯರಿನ ಎಂಸಿಬಿ ಇದೆಯಲ್ಲ, ಸಾಲದೇ? 230 ವೋಲ್ಟಿನಲ್ಲಿ 6 ಆಂಪಿಯರ್ ಎಂದರೆ 1380 ವ್ಯಾಟ್. ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಎಳೆಯುವುದು 60 ವ್ಯಾಟ್, ಅಂದರೆ ಕಾಲು ಆಂಪಿಯರಿಗಿಂತ ಕೊಂಚ ಹೆಚ್ಚು. ಟ್ರಾನ್ಸ್‌ಫಾರ್ಮರಿನ ಸುರುಳಿ ಕೆಟ್ಟು ಅದರ ಹತ್ತು ಪಟ್ಟು ಎಳೆದು ಹೊಗೆಯಾಡುತ್ತಿದ್ದರೂ ಎಂಸಿಬಿಗೆ ಅದು ಸಾಮಾನ್ಯ ಭಾರವೇ. ಬೋರ್ಡಿನ ಎಂಸಿಬಿ ಗೋಡೆಯ ವೈರಿನದು. ಸೆಟ್ಟಿನೊಳಗಿನ ಅರ್ಧ ಆಂಪಿಯರಿನ ನಿಧಾನಗತಿಯ ಫ್ಯೂಸ್ ಸೆಟ್ಟಿನದು. ಅದನ್ನು ಸಜೀವ ತಂತಿಯಲ್ಲೇ, ಸ್ವಿಚ್ಚಿಗೂ ಮೊದಲು ಹಾಕಬೇಕು. ತಟಸ್ಥ ತಂತಿಯಲ್ಲಿ ಹಾಕಿದರೆ ಫ್ಯೂಸ್ ಕರಗಿದ ಮೇಲೂ ಸೆಟ್ ಸಜೀವವಾಗಿಯೇ ಇರುತ್ತದೆ. ಪಠ್ಯದಲ್ಲಿ ಬರುವ ಗೃಹ ವಿದ್ಯುನ್ಮಂಡಲದ ಚಿತ್ರಕ್ಕೆ ಇದನ್ನು ನೇರವಾಗಿ ಜೋಡಿಸಬಹುದು.

ಕರಕರ ಎನ್ನುವ ಗುಬುಟು

ಪಠ್ಯದಲ್ಲಿ ಓಮ್‌ನ ನಿಯಮದ ಜೊತೆ ರಿಯೋಸ್ಟ್ಯಾಟ್ ಬರುತ್ತದೆ, ಮಕ್ಕಳು ಅದರ ಸಂಕೇತವನ್ನು ಬರೆಯಬಲ್ಲರು. ಧ್ವನಿ ಹೆಚ್ಚು-ಕಡಿಮೆ ಮಾಡುವ ಗುಬುಟಿನ ಹಿಂದೆ ಇರುವುದು ಅದರ ಸಂಬಂಧಿಯೇ ಎಂದು ತಿಳಿದವರು ಕಡಿಮೆ. ಕುದುರೆಲಾಳದಾಕಾರದ ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಗೆಯೊಂದು ಜಾರುತ್ತದೆ. ಧೂಳು ಕೂತರೆ ಅಥವಾ ಪಟ್ಟಿ ಸವೆದರೆ ನಾಲಗೆ ಕ್ಷಣಕಾಲ ಸಂಪರ್ಕ ಕಳೆದುಕೊಂಡು ಮತ್ತೆ ಪಡೆಯುತ್ತದೆ. ಸ್ಪೀಕರಿನಲ್ಲಿ ಕೇಳುವ ಕರಕರ ಅದೇ.

ಕರಕರ ಎಂದ ತಕ್ಷಣ ದ್ರಾವಕ ಸುರಿಯುವುದು ರಿಪೇರಿ ಅಂಗಡಿಗಳ ರೂಢಿ. ನಾವು ಮೊದಲು ಅಳತೆಗೆ ಕೂರಿಸಿದೆವು, ಏಕೆಂದರೆ ಇದೇ ಶಬ್ದಕ್ಕೆ ಇನ್ನೊಂದು ಕಾರಣವೂ ಇರುತ್ತದೆ. ಪೊಟೆನ್ಷಿಯೋಮೀಟರಿಗೆ ಸಂಕೇತ ತಲುಪಿಸುವ ಕೆಪ್ಯಾಸಿಟರ್ ಸೋರಿದರೆ ನೇರ ಪ್ರವಾಹ ಪಟ್ಟಿಯ ಮೇಲೆ ಬಂದು, ಒಳ್ಳೆಯ ಪಟ್ಟಿಯೂ ಕರಕರ ಎನ್ನುತ್ತದೆ. ಸೆಟ್ ನಡೆಯುತ್ತಿರುವಾಗ ಪಟ್ಟಿಯ ಎರಡು ತುದಿಗಳ ನಡುವೆ ನೇರ ವೋಲ್ಟೇಜ್ ಅಳೆದರೆ ಗೊತ್ತಾಗುತ್ತದೆ. ನಮ್ಮಲ್ಲಿ ಮೀಟರ್ ಸೊನ್ನೆ ತೋರಿಸಿತು. ಹಾಗಾಗಿ ದೋಷ ಪಟ್ಟಿಯದೇ.

ಶುಚಿ ಮಾಡುವುದು ಐದು ನಿಮಿಷದ ಕೆಲಸ. ಸೆಟ್ಟನ್ನು ಬ್ಯಾಟರಿಯಿಂದ ಕಳಚಿ, ಮೂರು ತುದಿಗಳ ಮೇಲಿನ ಸಂದಿಯಿಂದ ಐಸೋಪ್ರೊಪೈಲ್ ಆಲ್ಕೊಹಾಲಿನ ಎರಡು ಮೂರು ಹನಿ ಬಿಟ್ಟು, ಈ ತುದಿಯಿಂದ ಆ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ, ಪೂರ್ತಿ ಆರಿದ ಮೇಲೆ ಮತ್ತೆ ಜೋಡಿಸುವುದು. ಅದು ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಕಿಟಕಿ ತೆರೆದಿರಬೇಕು, ಬೆಸುಗೆ ಕಡ್ಡಿ ದೂರವಿರಬೇಕು. ಸೀಮೆಎಣ್ಣೆ ಬೇಡ, ನಮ್ಮ ಕಡೆ ಕೀಲು ಕಿರುಗುಟ್ಟಿದರೂ ಬೀಗ ಬಿಗಿಯಾದರೂ ನೆನಪಾಗುವ ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಎಣ್ಣೆ ಧೂಳನ್ನು ಕರೆದು ಕೂರಿಸಿಕೊಳ್ಳುತ್ತದೆ. ಮರಳುಕಾಗದ ಪಟ್ಟಿಯನ್ನೇ ಕಿತ್ತುಹಾಕುತ್ತದೆ.

ಸುತ್ತುಸ್ವಿಚ್ಚುಗಳಿರುವ ಸೆಟ್ಟು ಸಿಕ್ಕಿದವರಿಗೆ ರಸಾಯನವಿಜ್ಞಾನದ ಒಂದು ಕೊಂಡಿ ಉಚಿತ. ಅವುಗಳ ಸಂಪರ್ಕಗಳಿಗೆ ಬೆಳ್ಳಿಯ ಲೇಪ ಇರುವುದುಂಟು. ಕಾಲ್ಗೆಜ್ಜೆ ಕಪ್ಪಾಗುವಂತೆಯೇ ಇದೂ ಕಪ್ಪಾಗುತ್ತದೆ, ಬೆಳ್ಳಿಯ ಸಲ್ಫೈಡ್ ಎಂದು ಲೋಹಗಳ ಅಧ್ಯಾಯದಲ್ಲಿ ಓದಿದ್ದೇ. ಹತ್ತಿಯ ಕಡ್ಡಿಗೆ ದ್ರಾವಕ ತಾಗಿಸಿ ಮೆಲ್ಲಗೆ ಒರೆಸಬೇಕು, ಉಜ್ಜಿದರೆ ಲೇಪವೇ ಹೋಗುತ್ತದೆ.

ಕೋನ ಮತ್ತು ರೋಧದ ನಕ್ಷೆ

ಕೊನೆಯ ಅವಧಿಯ ಕೆಲಸ ಗಣಿತದ್ದು. ಒಂದು ಕೋನಮಾಪಕದ ನಕಲನ್ನು ಗುಬುಟಿನ ಹಿಂದೆ ಅಂಟಿಸಿ, ಪ್ರತಿ 30 ಡಿಗ್ರಿಗೆ ಒಂದು ತುದಿಗೂ ನಡುವಿನ ತುದಿಗೂ ಇರುವ ರೋಧ ಅಳೆದು ನಕ್ಷೆ ಬರೆಯುವುದು. ಅಳತೆಗೆ ಮುಂಚೆ ನಡುವಿನ ತುದಿಯ ತಂತಿಯನ್ನೂ ಅಳೆಯುವ ತುದಿಯ ತಂತಿಯನ್ನೂ ಬಿಡಿಸಿರಬೇಕು, ಇಲ್ಲವಾದರೆ ಮಂಡಲದ ಉಳಿದ ರೋಧಗಳೂ ಲೆಕ್ಕಕ್ಕೆ ಬರುತ್ತವೆ. ಧ್ವನಿಯದೂ ಶ್ರುತಿಯದೂ ಎರಡೂ 10 ಕಿಲೋ ಓಮ್‌ನವು. ಎರಡು ನಕ್ಷೆಗಳೂ ಒಂದೇ ತರಹ ಬರುತ್ತವೆ ಎಂದು ಎಲ್ಲರೂ ಊಹಿಸಿದ್ದರು.

ಶ್ರುತಿಯದು ನೇರ ಗೆರೆ. ಧ್ವನಿಯದು ಅರ್ಧದಾರಿಯವರೆಗೆ ನೆಲಕ್ಕೆ ಅಂಟಿಕೊಂಡಂತೆ ಸಾಗಿ, ಅಲ್ಲಿ ಕೇವಲ ಒಂದೂಕಾಲು ಕಿಲೋ ಓಮ್ ತೋರಿಸಿ, ಆಮೇಲೆ ಕಡಿದಾಗಿ ಏರಿತು. ಕೆಟ್ಟಿದೆ ಎಂದರು ಮಕ್ಕಳು. ಕೆಟ್ಟಿಲ್ಲ, ಅದನ್ನು ಮಾಡಿರುವುದೇ ಹಾಗೆ. ಶಬ್ದದ ಸಾಮರ್ಥ್ಯ ಇಮ್ಮಡಿಯಾದರೆ ನಮ್ಮ ಕಿವಿಗೆ ಇಮ್ಮಡಿ ಕೇಳಿಸುವುದಿಲ್ಲ, ಚೂರು ಹೆಚ್ಚಾದಂತೆ ಕೇಳಿಸುತ್ತದೆ. ಗುಬುಟನ್ನು ಸಮನಾಗಿ ತಿರುಗಿಸಿದಾಗ ಧ್ವನಿಯೂ ಸಮನಾಗಿ ಏರಿದಂತೆ ಅನ್ನಿಸಬೇಕಾದರೆ ಪಟ್ಟಿಯ ರೋಧ ಹೀಗೆ ಬಾಗಿರಬೇಕು. ಅಗ್ಗದವುಗಳಲ್ಲಿ ಬಾಗು ನಿಜವಾದ ವಕ್ರರೇಖೆಯಲ್ಲ, ಎರಡು ಸರಳರೇಖೆಗಳ ಜೋಡಣೆ. ನಮ್ಮ ನಕ್ಷೆಯಲ್ಲೂ ಆ ಮೊಣಕೈ ಕಾಣುತ್ತಿತ್ತು. ಬದಲಿಸುವಾಗ 10 ಕಿಲೋ ಓಮ್ ಎಂದಷ್ಟೇ ಕೇಳಿ ತಂದರೆ ಸಾಲದು ಎಂಬುದಕ್ಕೆ ಇದೇ ಕಾರಣ. ಏಷ್ಯಾದಲ್ಲಿ ತಯಾರಾದವುಗಳ ಮೇಲೆ ಸಾಮಾನ್ಯವಾಗಿ ಬಾಗಿದ್ದಕ್ಕೆ ‘ಎ’, ನೇರದ್ದಕ್ಕೆ ‘ಬಿ’ ಎಂದು ಬರೆದಿರುತ್ತದೆ. ತುದಿಗಳ ಚಿತ್ರ ಬರೆದುಕೊಂಡೇ ಬಿಚ್ಚಬೇಕು. ಹೊರಗಿನ ಎರಡು ತುದಿ ಅದಲುಬದಲಾದರೆ ಬಲಕ್ಕೆ ತಿರುಗಿಸಿದಾಗ ಧ್ವನಿ ಕಡಿಮೆಯಾಗುತ್ತದೆ.

ಮೌಲ್ಯಮಾಪನಕ್ಕೆ ವ್ಯಾಖ್ಯೆ ಕೇಳಲಿಲ್ಲ. 24 ವ್ಯಾಟಿನ ಪಂಪೊಂದು 12 ವೋಲ್ಟಿನಿಂದ ನಡೆಯುತ್ತದೆ, 2 ಆಂಪಿಯರ್ ಫ್ಯೂಸ್ ಪದೇ ಪದೇ ಹೋಗುತ್ತಿದೆ, ಮನೆಯವರು 10 ಆಂಪಿಯರಿನದನ್ನು ಹಾಕುತ್ತೇವೆ ಎನ್ನುತ್ತಾರೆ, ನೀವೇನು ಹೇಳುತ್ತೀರಿ ಎಂದು ಕೇಳಿದೆವು. ಪಂಪು ಯಾವಾಗಲೂ 2 ಆಂಪಿಯರ್ ಎಳೆಯುವುದರಿಂದ ಮುಕ್ಕಾಲಿನ ಲೆಕ್ಕದಲ್ಲಿ 3 ಆಂಪಿಯರ್ ಬೇಕು, ಮೋಟಾರಾದ್ದರಿಂದ ನಿಧಾನಗತಿಯದು ಒಳ್ಳೆಯದು, 10 ಹಾಕುವ ಮುಂಚೆ ವೈರು ಎಷ್ಟು ದಪ್ಪ ಎಂದು ನೋಡಬೇಕು ಎಂಬಲ್ಲಿಯವರೆಗೆ ಹೋದ ಉತ್ತರಗಳಿದ್ದವು. ಕೆಲವರು ಫ್ಯೂಸಿನ ಗುಣಮಟ್ಟ ಸರಿಯಿಲ್ಲ ಎಂದು ಬರೆದರು. ಅವರೊಡನೆ ಬಲ್ಬಿನ ಪ್ರಯೋಗವನ್ನು ಮತ್ತೊಮ್ಮೆ ಮಾಡಬೇಕಾಯಿತು.

ಶ್ರುತಿಯ ನೇರ ಗೆರೆಯಲ್ಲಿ 120 ಮತ್ತು 150 ಡಿಗ್ರಿಗಳ ನಡುವೆ ಮಾತ್ರ ಬಿಂದುಗಳು ಗೆರೆಯಿಂದ ಹೊರಗೆ ಚದುರಿದ್ದವು. ಅಲ್ಲಿ 5 ಡಿಗ್ರಿಗೊಮ್ಮೆ ಮತ್ತೆ ಅಳೆಯಿರಿ ಎಂದೆವು. ಒಂದು ಕಡೆ ಮೀಟರಿನ ಅಂಕಿ ನಿಲ್ಲಲೇ ಇಲ್ಲ. ಗುಬುಟು ಜಿಗಿಯುತ್ತಿದ್ದುದೂ ಅಲ್ಲೇ. ಸೆಟ್ ಕೊಟ್ಟ ಹವ್ಯಾಸಿಯನ್ನು ಕೇಳಿದಾಗ, ಸಂಜೆಯ ಹೊತ್ತು ಗೆಳೆಯರು ಸೇರುವ ಆವೃತ್ತಿ ಅದೇ ಜಾಗದಲ್ಲಿ ಬರುತ್ತದೆ, ಗುಬುಟು ಬಹುಪಾಲು ಅಲ್ಲೇ ಆಡುತ್ತಿತ್ತು ಎಂದರು. ಸವೆದ ಪಟ್ಟಿಗೆ ಆಲ್ಕೊಹಾಲಿನಿಂದ ಉಪಯೋಗವಾಗಲಿಲ್ಲ. ಹತ್ತು ಸುತ್ತು ತಿರುಗುವ 10 ಕಿಲೋ ಓಮ್‌ನ ‘ಬಿ’ ಪೊಟೆನ್ಷಿಯೋಮೀಟರನ್ನು ತರಿಸಿದ್ದೇವೆ. ಅದನ್ನು ಬೆಸೆದು ಹೊಸ ನಕ್ಷೆ ಬರೆಯುವ ಕೆಲಸ ಮುಂದಿನ ಅಭ್ಯಾಸ ಬೋಧನೆಯ ತಂಡದ್ದು. ಹಳೆಯ ನಕ್ಷೆಗಳನ್ನು ಸೆಟ್ಟಿನ ಪೆಟ್ಟಿಗೆಯಲ್ಲೇ, ಎರಡು ಬೂದು ಫ್ಯೂಸುಗಳ ಜೊತೆ ಇಟ್ಟಿದೆ.